ಕೂಡುವಾಗಲೇ ಬಿಡುವ ಮಾತು

ಆತ್ಮೀಯ ಕೇಳುಗರೇ, ನಮಸ್ಕಾರ.

ಇಬ್ಬರು ಕೂಡಿ ವ್ಯಾಪಾರ ಶುರುಮಾಡುವಾಗ ಯಾರು ಎಷ್ಟು ಹಾಕಬೇಕು, ಲಾಭ ಹೇಗೆ ಹಂಚಬೇಕು ಎಂದು ಗಂಟೆಗಟ್ಟಲೆ ಮಾತಾಡುತ್ತಾರೆ. ಒಬ್ಬರು ಬಿಟ್ಟುಹೋದರೆ ಏನು, ತೀರಿಕೊಂಡರೆ ಏನು ಎನ್ನುವ ಮಾತು ಬಂದಾಗ ಮಾತ್ರ ಇಬ್ಬರೂ ಸುಮ್ಮನಾಗುತ್ತಾರೆ. ಕೇಳಿದರೆ ಎದುರಿನವರು ನೊಂದುಕೊಂಡಾರು ಎಂಬ ಅಳುಕು. ಈ ಅಳುಕನ್ನು ದಾಟಿದ ಇಬ್ಬರ ಬಗ್ಗೆ ಇವತ್ತು ಹೇಳುತ್ತೇನೆ.

ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್ ನಿಮಗೆ ಗೊತ್ತು. ಅವನ ಪೇಟೆಂಟಿನಲ್ಲಿ ಮೂರರಲ್ಲಿ ಎರಡು ಪಾಲು ಮೊದಲು ಜಾನ್ ರೋಬಕ್ ಎಂಬ ಉದ್ಯಮಿಯದಾಗಿತ್ತು. ವಾಟನ ಸಾಲವನ್ನೂ ಖರ್ಚನ್ನೂ ಹೊತ್ತದ್ದಕ್ಕೆ ಸಿಕ್ಕ ಪಾಲು ಅದು. 1773ರಲ್ಲಿ ರೋಬಕ್ ದಿವಾಳಿಯಾದ. ಅವನಿಗೆ ಸಾಲ ಕೊಟ್ಟವರ ಕಣ್ಣಿಗೆ ಆ ಪಾಲಿಗೆ ಬಿಡಿಗಾಸಿನ ಬೆಲೆಯೂ ಇರಲಿಲ್ಲ. ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯ ಮಾಲೀಕ ಮ್ಯಾಥ್ಯೂ ಬೌಲ್ಟನ್ ಒಬ್ಬನೇ ತನಗೆ ಬರಬೇಕಿದ್ದ 1,200 ಪೌಂಡ್ ಬಾಕಿಗೆ ಬದಲಾಗಿ ಅದನ್ನು ತೆಗೆದುಕೊಂಡ. ಪಾಲು ಕೈಬದಲಾದದ್ದು ಹಾಗೆ, ಒಂದು ಸಾಲದ ಲೆಕ್ಕ ತೀರಿಸುವ ನೆಪದಲ್ಲಿ.

1775ರಿಂದ 25 ವರ್ಷದ ಅವಧಿಗೆ ವಾಟ್, ಬೌಲ್ಟನ್ ಇಬ್ಬರೂ ಕೂಡಿದರು. ಮರುವರ್ಷ ವಾಟ್ ಬರೆದ ಒಂದು ಕಾಗದದಲ್ಲಿ ಅವರ ಷರತ್ತುಗಳಿವೆ. ಬಂಡವಾಳ, ಪ್ರಯೋಗದ ಖರ್ಚು ಬೌಲ್ಟನನದು. ನಕ್ಷೆ ಬರೆಯುವುದು, ಕೆಲಸ ನಡೆಸುವ ಸೂಚನೆ ಕೊಡುವುದು ವಾಟನದು. ಲೆಕ್ಕದ ಪುಸ್ತಕ ಬೌಲ್ಟನ್ ಇಡಬೇಕು, ವರ್ಷಕ್ಕೊಮ್ಮೆ ತಾಳೆ ಹಾಕಬೇಕು. ಇನ್ನೊಂದು ಪುಸ್ತಕವೂ ಇರಬೇಕು: ಮುಖ್ಯ ತೀರ್ಮಾನಗಳನ್ನು ಅದರಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಅದಕ್ಕೆ ಕರಾರಿನಷ್ಟೇ ಬಲ. ನನಗೆ ಬಹಳ ಹಿಡಿಸಿದ್ದು ಈ ಎರಡನೇ ಪುಸ್ತಕ. ಮೊದಲ ದಿನ ಬರೆದ ಕರಾರು ಹತ್ತನೇ ವರ್ಷದ ಪ್ರಶ್ನೆಗೆಲ್ಲ ಉತ್ತರ ಕೊಡಲಾರದು ಎಂದು ಅವರಿಗೆ ಗೊತ್ತಿತ್ತು.

ಮುಂದಿನ ಷರತ್ತುಗಳನ್ನು ಗಮನವಿಟ್ಟು ಕೇಳಿ. ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ತಮ್ಮ ಪಾಲು ಮಾರುವಂತಿಲ್ಲ. ಒಬ್ಬರು ತೀರಿಕೊಂಡರೆ ಉಳಿದವರೇ ವ್ಯವಹಾರ ನಡೆಸಬೇಕು, ವಾರಸುದಾರರು ಅದರಲ್ಲಿ ಕೈಹಾಕುವಂತಿಲ್ಲ. ಆದರೆ ಲೆಕ್ಕ ನೋಡುವ ಹಕ್ಕು ವಾರಸುದಾರರಿಗೆ ಇರುತ್ತದೆ.

ಗಿರಾಕಿಗಳ ಜೊತೆಗೂ ಇದೇ ಶಿಸ್ತು. ಹಳೆಯ ಯಂತ್ರಕ್ಕೆ ಹೋಲಿಸಿದರೆ ಉಳಿಯುವ ಕಲ್ಲಿದ್ದಲ ಬೆಲೆಯಲ್ಲಿ ಮೂರನೇ ಒಂದು ಭಾಗ ಇವರಿಗೆ ಸಲ್ಲಬೇಕು. ಅದಕ್ಕಾಗಿ ಯಂತ್ರದ ತೊಲೆಗೆ ಎಣಿಕೆಯ ಸಾಧನವೊಂದನ್ನು ಕೂರಿಸಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ತೊಲೆ ಮೇಲೆ ಕೆಳಗೆ ಆಡಿದಷ್ಟೂ ಸಂಖ್ಯೆ ಏರುತ್ತಿತ್ತು.

ಅವಧಿ 1800ಕ್ಕೆ ಮುಗಿಯುವುದಿತ್ತು. 1794ರಲ್ಲೇ ಮಕ್ಕಳನ್ನು ಪಾಲುದಾರರನ್ನಾಗಿ ಸೇರಿಸಿಕೊಂಡರು. ಅಪ್ಪಂದಿರು ಹಿಂದೆ ಸರಿಯುವ ಹೊತ್ತಿಗೆ ಮಕ್ಕಳ ಕೈ ಪಳಗಿತ್ತು.

ಏನೂ ಬರೆದುಕೊಳ್ಳದೆ ಕೂಡಿದವರ ಗತಿ? ಆಗ ಕಾನೂನು ತನ್ನ ಉತ್ತರ ಕೊಡುತ್ತದೆ. ಇಂಗ್ಲೆಂಡಿನ 1890ರ ಪಾಲುದಾರಿಕೆ ಕಾಯ್ದೆಯಲ್ಲೂ ಭಾರತದ 1932ರ ಪಾಲುದಾರಿಕೆ ಕಾಯ್ದೆಯಲ್ಲೂ ಬೇರೆ ಒಪ್ಪಂದವಿಲ್ಲದಿದ್ದರೆ ಲಾಭನಷ್ಟ ಸಮಪಾಲು. ಹಣವೆಲ್ಲ ಒಬ್ಬರದೇ ಆಗಿರಲಿ, ಹಗಲಿರುಳು ದುಡಿದವರು ಇನ್ನೊಬ್ಬರೇ ಆಗಿರಲಿ, ಪಾಲು ಒಂದೇ. ಎಲ್ಲರ ಒಪ್ಪಿಗೆಯಿಲ್ಲದೆ ಹೊಸಬರು ಪಾಲುದಾರರಾಗಲಾರರು. ಒಬ್ಬರು ತಮ್ಮ ಪಾಲನ್ನು ಹೊರಗಿನವರಿಗೆ ಬರೆದುಕೊಟ್ಟರೆ, ವ್ಯವಹಾರ ನಡೆಯುತ್ತಿರುವಷ್ಟು ಕಾಲ ಕೊಂಡವರಿಗೆ ಬರುವುದು ಲಾಭದ ಹಣವಷ್ಟೇ. ಲೆಕ್ಕದ ಪುಸ್ತಕ ತೆರೆಸುವ ಹಕ್ಕೂ ಅವರಿಗಿಲ್ಲ.

ಬಿಟ್ಟುಹೋಗುವವರ ಪಾಲಿಗೆ ಬೆಲೆ ಕಟ್ಟುವುದೇ ಎಲ್ಲಕ್ಕಿಂತ ಕಷ್ಟ. ಸರಕು, ಯಂತ್ರ, ಬರಬೇಕಾದ ಬಾಕಿ ಎಣಿಕೆಗೆ ಸಿಗುತ್ತವೆ. ಇಷ್ಟು ವರ್ಷ ಗಳಿಸಿದ ಹೆಸರು ಸಿಗುವುದಿಲ್ಲ. ಹೋಗುವವರ ಕಣ್ಣಿಗೆ ಅದು ದೊಡ್ಡದು, ಉಳಿಯುವವರ ಕಣ್ಣಿಗೆ ಚಿಕ್ಕದು. ಯಾರು ಹೋಗುತ್ತಾರೋ ಯಾರು ಉಳಿಯುತ್ತಾರೋ ತಿಳಿಯದ ಮೊದಲ ದಿನವೇ ಬೆಲೆ ಕಟ್ಟುವ ರೀತಿಯನ್ನು ಬರೆದಿಟ್ಟರೆ ಇಬ್ಬರೂ ನ್ಯಾಯವಾಗಿ ಯೋಚಿಸುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲೆಕ್ಕ ಚುಕ್ತಾ ಆಯಿತೆಂದು ಮನೆಗೆ ಹೊರಟವರೇ, ಇನ್ನೊಂದು ಕೆಲಸ ಬಾಕಿಯಿದೆ. ನೀವು ಬಿಟ್ಟಿರುವುದನ್ನು ಬಹಿರಂಗವಾಗಿ ಪ್ರಕಟಿಸಿ, ಹಳೆಯ ಗಿರಾಕಿಗಳಿಗೂ ಸರಕು ಕೊಡುವವರಿಗೂ ನೇರವಾಗಿ ಬರೆದು ತಿಳಿಸಿ. ಅಲ್ಲಿಯವರೆಗೆ, ನಿಮ್ಮನ್ನು ಪಾಲುದಾರರೆಂದೇ ತಿಳಿದು ಅವರು ಕೊಟ್ಟ ಹೊಸ ಸಾಲವೂ ನಿಮ್ಮ ಬಾಗಿಲಿಗೇ ಬರಬಹುದು.

ನಮಸ್ಕಾರ.