ಮುದ್ದೆಗೆ ಕಾಳುಸಾರು ಯಾಕೆ ಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿಗೆ ಚಳಿ ಬಂತೆಂದರೆ ರಸ್ತೆ ಬದಿಯ ಗಾಡಿಗಳಲ್ಲಿ ಅವರೆಕಾಯಿ ರಾಶಿ ಬೀಳುತ್ತದೆ. ಸೊಗಡಿನ ಕಾಯಿ ಆರಿಸಿ ತಂದು, ಸಂಜೆ ಮನೆಮಂದಿಯೆಲ್ಲ ಕೂತು ಸುಲಿಯುತ್ತಾರೆ. ರಾತ್ರಿ ನೆನೆಹಾಕಿದ ಕಾಳು ಮಾರನೇ ದಿನ ಹಿತಕಿದ ಬೇಳೆ ಸಾರಾಗುತ್ತದೆ. ಜೊತೆಗೆ ಬಿಸಿ ರಾಗಿಮುದ್ದೆ. ಈ ಸಾರು ಮುದ್ದೆಗೆ ರುಚಿ ಮಾತ್ರ ಕೊಡುವುದಿಲ್ಲ, ಲೈಸೀನ್ ಎಂಬ ಅಮೈನೋ ಆಮ್ಲವನ್ನೂ ಕೊಡುತ್ತದೆ.

ನಾವು ತಿಂದ ಪ್ರೋಟೀನು ಹೊಟ್ಟೆಯಲ್ಲಿ ಬಿಡಿಬಿಡಿ ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ದೇಹ ಅವನ್ನು ತನಗೆ ಬೇಕಾದ ಕ್ರಮದಲ್ಲಿ ಮತ್ತೆ ಪೋಣಿಸಿಕೊಳ್ಳುತ್ತದೆ. ಒಟ್ಟು 20 ಬಗೆ. ಅದರಲ್ಲಿ 9 ಬಗೆ ಊಟದಿಂದಲೇ ಬರಬೇಕು. ಲೈಸೀನ್ ಅವುಗಳಲ್ಲಿ ಒಂದು. 1889ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಎಡ್ಮಂಡ್ ಡ್ರೆಕ್ಸೆಲ್ ಇದನ್ನು ಹಾಲಿನ ಕೇಸೀನ್ ಎಂಬ ಪ್ರೋಟೀನಿನಿಂದ ಬೇರ್ಪಡಿಸಿದರು. ನಮ್ಮ ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುವ ಗಂಟು ಬೀಳುವುದು ಲೈಸೀನ್ ಇರುವ ಜಾಗದಲ್ಲೇ.

ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂ ಕಟ್ಟುವುದನ್ನು ನೋಡಿದ್ದೀರಲ್ವಾ? ನಾಲ್ಕು ಮಲ್ಲಿಗೆ, ಒಂದು ಕನಕಾಂಬರ. ಕನಕಾಂಬರ ಮುಗಿದರೆ ಆ ಮಾಲೆ ಅಲ್ಲಿಗೇ ನಿಲ್ಲುತ್ತದೆ. ಬುಟ್ಟಿ ತುಂಬ ಮಲ್ಲಿಗೆ ಉಳಿದರೂ ಬಾಡಿಹೋಗುತ್ತದೆ. ಅಕ್ಕಿ, ಗೋಧಿ, ರಾಗಿಯಲ್ಲಿ ಮೊದಲು ಮುಗಿಯುವ ಹೂವು ಲೈಸೀನ್. ಮಿಕ್ಕ ಅಮೈನೋ ಆಮ್ಲಗಳನ್ನು ದೇಹ ಎತ್ತಿಟ್ಟುಕೊಳ್ಳಲಾರದು, ಸುಟ್ಟುಬಿಡುತ್ತದೆ.

ಸುಟ್ಟದ್ದರ ಸುಳಿವು ಉಸಿರಿನಲ್ಲಿ ಸಿಗುತ್ತದೆ. ಅದನ್ನೇ ಹಿಡಿದು ಲೆಕ್ಕ ಹಾಕಿದ್ದು ನಮ್ಮೂರಿನಲ್ಲಿ! ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಆರೋಗ್ಯವಂತರಿಗೆ ಬೇರೆ ಬೇರೆ ಪ್ರಮಾಣದಲ್ಲಿ ಲೈಸೀನ್ ಇರುವ ಊಟ ಕೊಟ್ಟರು. ಗುರುತು ಹಚ್ಚಿದ ಲ್ಯೂಸೀನ್ ಎಂಬ ಇನ್ನೊಂದು ಅಮೈನೋ ಆಮ್ಲ ಎಷ್ಟು ಸುಡುತ್ತದೆ ಎಂದು 24 ಗಂಟೆ ಅಳೆದರು. ವಿಶ್ವ ಆರೋಗ್ಯ ಸಂಸ್ಥೆಯ 1985ರ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ, ಕಿಲೋ ತೂಕಕ್ಕೆ 12 ಮಿಲಿಗ್ರಾಂ ಸಾಕಿತ್ತು. ಇಲ್ಲಿ ಸಿಕ್ಕ ಉತ್ತರ ಸುಮಾರು 30. ಸಂಸ್ಥೆಯ 2007ರ ವರದಿಯಲ್ಲೂ 30 ಎಂದೇ ಇದೆ. 60 ಕಿಲೋ ತೂಗುವವರಿಗೆ ದಿನಕ್ಕೆ 1.8 ಗ್ರಾಂ ಆಯಿತು. ಹಳೇ ಲೆಕ್ಕದಲ್ಲಿ ಬರೀ ಅನ್ನ ಉಣ್ಣುವವರಿಗೂ ಕೊರತೆ ಕಾಣುತ್ತಿರಲಿಲ್ಲ. ಈಗ ಕಾಣುತ್ತದೆ. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಬೇಳೆಕಾಳಿನ ಪ್ರೋಟೀನಿನಲ್ಲಿ ಅಕ್ಕಿಗಿಂತ ಹೆಚ್ಚೂಕಡಿಮೆ ಎರಡು ಪಟ್ಟು ಲೈಸೀನ್ ಇದೆ. ಕಾಳಿಗೆ ಕಡಿಮೆ ಬೀಳುವ ಮೆಥಿಯೋನೀನ್ ಎಂಬ ಅಮೈನೋ ಆಮ್ಲ ರಾಗಿಯಲ್ಲಿದೆ. ಕಡಲೆಕಾಯಿಯಲ್ಲಿ ಮಾತ್ರ ಲೈಸೀನ್ ಜಾಸ್ತಿ ಇಲ್ಲ, ಪರಿಷೆಯಲ್ಲಿ ಎಷ್ಟು ಸೇರು ಕೊಂಡರೂ ಅಷ್ಟೇ.

ಬೇಳೆ ತುಟ್ಟಿಯಾದಾಗ ಮನೆಗಳಲ್ಲಿ ಅನ್ನ ಕಡಿಮೆಯಾಗುವುದಿಲ್ಲ, ಸಾರು ತೆಳ್ಳಗಾಗುತ್ತದೆ. ಬೆಳೆಯುವ ಮಕ್ಕಳಿಗೆ ಅವರ ತೂಕದ ಲೆಕ್ಕದಲ್ಲಿ ಲೈಸೀನ್ ನಮಗಿಂತ ಜಾಸ್ತಿ ಬೇಕು. ಅವರೆ ಸಿಗದ ತಿಂಗಳಲ್ಲಿ ಹುರುಳಿ, ಅಲಸಂದೆ, ಹೆಸರುಕಾಳು ಯಾವುದಾದರೂ ಆದೀತು. ಬಡಿಸುವಾಗ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಬೇಡಿ. ಸೌಟನ್ನು ತಳಕ್ಕೆ ಇಳಿಸಿ.

ನಮಸ್ಕಾರ.