ಗಿರಾಕಿಗೆ ಪರೀಕ್ಷೆ ಇಡಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಅಂಗಡಿಯನ್ನೋ, ಟ್ಯೂಷನ್ ಕ್ಲಾಸನ್ನೋ ನಡೆಸುತ್ತಾ ಒಂದು ವೆಬ್‌ಸೈಟನ್ನೂ ಇಟ್ಟುಕೊಂಡವರಿಗೆ ಈ ಮಾತು. ಸೈಟಿನಲ್ಲಿ ‘ನಮ್ಮನ್ನು ಸಂಪರ್ಕಿಸಿ’ ಅಂತ ಒಂದು ಫಾರಂ ಇರುತ್ತದೆ ಅಲ್ವಾ? ಬೆಳಗ್ಗೆ ಮೇಲ್ ತೆರೆದರೆ ಅದರಿಂದ ಬಂದ ರಾಶಿ ಕಸ. ಸಾಲ ಬೇಕಾ, ಲಾಟರಿ ಬೇಕಾ, ನಿಮ್ಮ ಸೈಟನ್ನು ಗೂಗಲ್‌ನಲ್ಲಿ ಮೇಲೆ ತರಲಾ. ಇದನ್ನು ಯಾರೂ ಕೂತು ಬರೆದದ್ದಲ್ಲ. ಬಾಟ್ ಅನ್ನುವ ಪ್ರೋಗ್ರಾಂ ಸೈಟಿನಿಂದ ಸೈಟಿಗೆ ಅಲೆದು, ಸಿಕ್ಕ ಫಾರಂಗಳನ್ನೆಲ್ಲ ತುಂಬುತ್ತದೆ.

ಇದಕ್ಕೆ ಎಲ್ಲರೂ ಹಾಕುವ ಬೀಗ ಕ್ಯಾಪ್ಚಾ. ‘ಬಸ್ ಇರುವ ಚಿತ್ರ ಆರಿಸಿ’ ಅನ್ನುತ್ತದಲ್ಲ, ಅದು. ನನಗೆ ಅದನ್ನು ಕಂಡರೆ ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸುವ ಪರಿಚಯದವರೊಬ್ಬರು ಆರ್ಡರ್ ಫಾರಂಗೆ ಕ್ಯಾಪ್ಚಾ ಹಾಕಿಸಿದರು. ಕಸ ಕಡಿಮೆಯಾಯಿತು, ಖುಷಿಯಾದರು. ವಾರ ಕಳೆಯಿತು, ಆರ್ಡರೂ ಕಡಿಮೆಯಾಗಿತ್ತು. ಒಂದು ದಿನ ನಾನು ಅಲ್ಲೇ ಕೂತಿದ್ದಾಗ ಸಿಂಧನೂರಿನ ಬಟ್ಟೆ ವ್ಯಾಪಾರಿಯ ಫೋನು ಬಂತು. ಸ್ಪೀಕರ್ ಹಾಕಿದರು. “ಅಲ್ರೀ ಸಾವ್ಕಾರ್ರೇ, ನಾ ಇನ್ನೂರು ಪ್ಯಾಂಟ್ ಕೇಳಿದ್ರ ನಿಮ್ಮ ಕಂಪ್ಯೂಟರ್ ನನಗ ಜೀಬ್ರಾ ಕ್ರಾಸಿಂಗ್ ತೋರ್ಸು ಅಂತೈತಿ. ಅದನ್ನ ಒತ್ತಿದ್ರ, ಈಗ ಯಾವ್ದೋ ಕೆಂಪು ನಲ್ಲಿ ಹುಡುಕು ಅಂತೈತಿ. ನಾನೇನ್ ನೀರಿನ ಇಲಾಖೆಯವನೇನ್ರಿ?” ಆ ಕೆಂಪು ನಲ್ಲಿ ಅಮೆರಿಕದ ಬೀದಿಯಲ್ಲಿ ಅಗ್ನಿಶಾಮಕದವರಿಗೆ ನಿಲ್ಲಿಸಿರುವುದು. ನಮ್ಮ ಸಾವ್ಕಾರರು ಅದನ್ನು ಅಂಚೆ ಡಬ್ಬ ಅಂದುಕೊಂಡಿದ್ದರಂತೆ! ನಗು ತಡೆಯಲಾಗಲಿಲ್ಲ. ಆದರೆ ಫೋನ್ ಮಾಡಿದವರು ಇವರೊಬ್ಬರು. ಮಾಡದೆ ಬೇರೆ ಅಂಗಡಿಗೆ ಹೋದವರು ಎಷ್ಟು ಜನವೋ.

ಕ್ಯಾಪ್ಚಾ ಅನ್ನುವ ಹೆಸರು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಇಟ್ಟದ್ದು. 2007ರಲ್ಲಿ ಬಂದ ರೀಕ್ಯಾಪ್ಚಾದಲ್ಲಿ ನಾವು ಸೊಟ್ಟ ಅಕ್ಷರ ಓದಿ ಟೈಪ್ ಮಾಡಿದರೆ ಹಳೆಯ ಪುಸ್ತಕಗಳ ಪದಗಳು ಕಂಪ್ಯೂಟರಿಗೆ ಏರುತ್ತಿದ್ದವು. 2009ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ಒಳ್ಳೆಯ ಕೆಲಸವೇ. ಆದರೆ ನಿಮ್ಮ ಗಿರಾಕಿ ಬಂದಿದ್ದು ಪ್ಯಾಂಟಿಗೆ. ಅವರಿಗೆ ಪರೀಕ್ಷೆ ಇಡಬೇಡಿ, ಬಾಟ್‌ಗೆ ಇಡಿ.

ಹೇಗೆ? ಇಲಿಗೆ ಬೋನು ಇಡುವ ಹಾಗೆ. ನಾವು ಇದಕ್ಕೆ ಹನಿಪಾಟ್ ಅನ್ನುತ್ತೇವೆ. ಫಾರಂನಲ್ಲಿ ಒಂದು ಖಾಲಿ ಜಾಗ ಜಾಸ್ತಿ ಇಡಿ, ಅದು ಪರದೆಯ ಮೇಲೆ ಕಾಣದ ಹಾಗೆ ಮಾಡಿ. ಮನುಷ್ಯರಿಗೆ ಕಾಣುವುದಿಲ್ಲ, ತುಂಬುವುದಿಲ್ಲ. ಬಾಟ್ ಪುಟದ ಕೋಡ್ ಓದುತ್ತದೆ, ಕಂಡದ್ದನ್ನೆಲ್ಲ ತುಂಬುತ್ತದೆ. ಅಲ್ಲಿ ಏನಾದರೂ ಬಂತೋ, ಬಾಟ್ ಅಂತ ಅರ್ಥ. ಸುಮ್ನೆ ‘ಧನ್ಯವಾದ’ ಅಂತ ತೋರಿಸಿ, ಸಂದೇಶವನ್ನು ಬಿಸಾಕಿ. ಕಣ್ಣು ಕಾಣದವರ ಫೋನು ಆ ಜಾಗವನ್ನೂ ಓದಿ ಹೇಳಬಹುದು. ಅದಕ್ಕೇ ‘ಇಲ್ಲಿ ಏನೂ ಬರೆಯಬೇಡಿ’ ಅಂತ ಹೆಸರಿಡಿ. ಬ್ರೌಸರ್ ತಾನಾಗಿ ತುಂಬದಂತೆಯೂ ಮಾಡಿ. ಸೈಟ್ ಮಾಡಿಕೊಟ್ಟ ಹುಡುಗನಿಗೆ ಇದು ಹತ್ತು ನಿಮಿಷದ ಕೆಲಸ. ಆಗಲ್ಲ ಅಂದರೆ ನಂಬಬೇಡಿ.

ಸಮಯ ಮುಗಿಯಿತು ಅಂತ ಕೈ ತೋರಿಸುತ್ತಿದ್ದಾರೆ, ಉಳಿದದ್ದು ಬೇಗ ಬೇಗ. ಫಾರಂ ತೆರೆದ ಎರಡೇ ಸೆಕೆಂಡಿಗೆ ತುಂಬಿ ಕಳಿಸಿದರೆ ಮನುಷ್ಯರಲ್ಲ, ತಡೆಯಿರಿ. ಈ ತಪಾಸಣೆ ಗಿರಾಕಿಯ ಫೋನಿನಲ್ಲಲ್ಲ, ನಿಮ್ಮ ಸೈಟ್ ಇರುವ ಕಂಪ್ಯೂಟರಿನಲ್ಲಿ, ಅಂದರೆ ಸರ್ವರ್‌ನಲ್ಲೇ ನಡೆಯಲಿ. ಅಷ್ಟಕ್ಕೂ ಕಸ ನಿಲ್ಲದಿದ್ದರೆ ಕ್ಲೌಡ್‌ಫ್ಲೇರ್ ಕಂಪನಿಯ ಟರ್ನ್‌ಸ್ಟೈಲ್ ಅನ್ನುವ ಬಾಟ್ ತಡೆ ಇದೆ, 2022ರಲ್ಲಿ ಬಂದದ್ದು, ಚಿತ್ರ ಆರಿಸಿ ಅಂತ ಕಾಡುವುದಿಲ್ಲ.

ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಫಾರಂ ಅನ್ನು ನಿಮ್ಮದೇ ಮೊಬೈಲಿನಲ್ಲಿ, ಮಧ್ಯಾಹ್ನದ ಬಳ್ಳಾರಿ ಬಿಸಿಲಲ್ಲಿ ನಿಂತು, ಪರದೆಗೆ ಕೈ ಅಡ್ಡ ಹಿಡಿದು ಒಮ್ಮೆ ತುಂಬಿ ನೋಡಿ. ನಮಸ್ಕಾರ.