ತೊಗಟೆ ತಂದವರಿಗೆ ಒಂದು ಕುರ್ಚಿ

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಬಿರುಸಾಗಿದೆ. ಹಿಂದಿನ ಸಾಲಿನವರಿಗೆ ನನ್ನ ಮಾತು ಕೇಳಿಸದಿದ್ದರೆ ಕೈ ಎತ್ತಿ, ದನಿ ಏರಿಸುತ್ತೇನೆ. ವಾರ್ಡಿನಲ್ಲಿ ಮೂವತ್ತು ವರ್ಷ ಕೂಗಿ ಅಭ್ಯಾಸವಿದೆ.

ಇವತ್ತು ನಿಮ್ಮ ಅಂಗಳಕ್ಕೆ ಕಾಲಿಟ್ಟಾಗಲೇ ಕೆಸುವಿನೆಲೆಯ ಪತ್ರೊಡೆಯ ಪರಿಮಳ ಬಂತು. ನರ್ಸಿಂಗಿನವರೂ ಬಿ.ಎಡ್. ವಿದ್ಯಾರ್ಥಿಗಳೂ ಸೇರಿ ‘ಆಟಿಡೊಂಜಿ ದಿನ’, ಅಂದರೆ ತುಳುವರ ಮಳೆಗಾಲದ ಆಟಿ ತಿಂಗಳಲ್ಲೊಂದು ದಿನ, ಮಾಡಿದ್ದೀರಿ. ತಿಮರೆ ಎಂಬ ಒಂದೆಲಗದ ಚಟ್ನಿ, ತಜಂಕ್ ಸೊಪ್ಪಿನ ಪಲ್ಯ, ಕಣಿಲೆ ಎಂಬ ಎಳೆ ಬಿದಿರು, ಹಲಸಿನ ಬೀಜ, ಎಲ್ಲವನ್ನೂ ಸಾಲಾಗಿ ಜೋಡಿಸಿ ಹೆಸರಿನ ಚೀಟಿ ಇಟ್ಟಿದ್ದೀರಿ. ಬಹಳ ಸಂತೋಷವಾಯಿತು. ನನ್ನ ಪ್ರಶ್ನೆ ಎರಡು: ನಾಳೆ ಬೆಳಿಗ್ಗೆ ಒಂಬತ್ತಕ್ಕೆ ತರಗತಿಯ ಗಂಟೆ ಹೊಡೆದಾಗ ಈ ತಿಳಿವಳಿಕೆಯೆಲ್ಲ ಎಲ್ಲಿಗೆ ಹೋಗುತ್ತದೆ? ಅದನ್ನು ತಂದುಕೊಟ್ಟ ಜನ ಎಲ್ಲಿ ಕುಳಿತುಕೊಳ್ಳುತ್ತಾರೆ? ಆ ಎರಡನೆಯ ಪ್ರಶ್ನೆಯನ್ನೇ ಕೇಳುವುದಕ್ಕೆ ನಾನು ಇಲ್ಲಿಗೆ ಬಂದಿದ್ದೇನೆ.

ಒಂದು ಘಟನೆ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಾನಾಗ ಮೆಡಿಸಿನ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಅದೂ ಒಂದು ಆಟಿ ಅಮಾವಾಸ್ಯೆಯ ಬೆಳಿಗ್ಗೆ. ಬಂಟ್ವಾಳದ ಕಡೆಯಿಂದ ನಲವತ್ತರ ಪ್ರಾಯದ ಒಬ್ಬರನ್ನು ಜೀಪಿನಲ್ಲಿ ಕರೆತಂದರು. ದವಡೆ ಬಿಗಿದಿದೆ, ಬೆನ್ನು ಬಿಲ್ಲಿನಂತೆ ಬಾಗುತ್ತಿದೆ, ಪ್ರಜ್ಞೆ ಮಾತ್ರ ಪೂರ್ತಿ ಇದೆ. ಕಣ್ಣಿನಲ್ಲಿ ಇದ್ದ ಆ ಹೆದರಿಕೆಯನ್ನು ನಾನು ಈಗಲೂ ಮರೆತಿಲ್ಲ. ಅವಸರದಲ್ಲಿ ನನ್ನ ಕೈಯಿಂದ ಕಿಡ್ನಿ ಟ್ರೇ ಜಾರಿ ನೆಲಕ್ಕೆ ಬಿತ್ತು. ಆ ಸದ್ದಿಗೇ ಅವರ ಇಡೀ ಮೈ ಮತ್ತೊಮ್ಮೆ ಸೆಟೆದುಕೊಂಡಿತು. ನಾವೆಲ್ಲ ಧನುರ್ವಾಯು ಎಂದುಕೊಂಡೆವು. ಗಾಯ ಎಲ್ಲಿದೆ ಎಂದು ಅಂಗಾಲಿನವರೆಗೂ ಹುಡುಕಿದೆವು, ಸಿಗಲಿಲ್ಲ. ‘ಏನು ತಿಂದರು, ಏನು ಕುಡಿದರು?’ ಎಂದು ಅವರ ಹೆಂಡತಿಯನ್ನು ಕೇಳಿದೆವು. ‘ಏನೂ ಇಲ್ಲ ಸಿಸ್ಟರ್.’ ಮತ್ತೆ ಕೇಳಿದೆವು. ‘ಏನೂ ಇಲ್ಲ.’

ಆ ಹೆಂಗಸು ಯಾಕೆ ಹಾಗೆ ಹೇಳಿದರು ಎಂಬುದು ನನಗೆ ತಿಳಿದದ್ದು ಆಮೇಲೆ. ಹಿಂದಿನ ವರ್ಷ ಮಗುವಿಗೆ ಕಾಮಾಲೆ ಆದಾಗ ನಾಟಿ ಮದ್ದು ಕೊಟ್ಟಿದ್ದೇವೆ ಎಂದು ಒಂದು ಕಡೆ ಹೇಳಿ, ನಾಲ್ಕು ಜನರ ಎದುರು ಬೈಸಿಕೊಂಡಿದ್ದರು. ಒಮ್ಮೆ ಬೈದರೆ ಆಯಿತು, ಆ ಮನೆಯವರು ಇನ್ನು ಯಾವ ಆಸ್ಪತ್ರೆಯಲ್ಲೂ ಬಾಯಿ ಬಿಡುವುದಿಲ್ಲ.

ನೆಲ ಒರೆಸುತ್ತಿದ್ದ ಆಯಾ ಒರೆಸುವ ಬಟ್ಟೆಯನ್ನು ಬಾಲ್ದಿಯಲ್ಲಿ ಬಿಟ್ಟು ಎದ್ದು ಬಂದರು. ಬೆಳ್ತಂಗಡಿಯ ಘಟ್ಟದ ಬುಡದವರು, ಮಲೆಕುಡಿಯ ಸಮುದಾಯದವರು. ಆ ಹೆಂಗಸಿನ ಪಕ್ಕ ಕುಳಿತು ತುಳುವಿನಲ್ಲಿ ಮೆಲ್ಲಗೆ ಮೂರೇ ಮೂರು ಪ್ರಶ್ನೆ ಕೇಳಿದರು. ಬೆಳಿಗ್ಗೆ ಪಾಲೆಯ ಕಷಾಯ ಕುಡಿದರಾ? ತೊಗಟೆ ತಂದದ್ದು ಯಾರು? ಕಲ್ಲಿನಲ್ಲಿ ಜಜ್ಜುವಾಗ ಹಾಲು ಬಂದಿತ್ತಾ? ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವುದು ನಮ್ಮ ತುಳುನಾಡಿನ ರೂಢಿ.

ಹೆಂಗಸು ಗಳಗಳ ಅತ್ತುಬಿಟ್ಟರು. ಪ್ರತಿ ವರ್ಷ ತೊಗಟೆ ತರುತ್ತಿದ್ದ ಮಾವ ಆ ವರ್ಷ ತೀರಿಕೊಂಡಿದ್ದರು. ಮುಂಬೈಯಿಂದ ರಜೆಯಲ್ಲಿ ಬಂದಿದ್ದ ಮೈದುನ ಟಾರ್ಚ್ ಹಿಡಿದು ಕತ್ತಲಲ್ಲಿ ಹೋಗಿ ತಂದಿದ್ದ. ಹಾಲು ಗೀಲು ಏನೂ ಇರಲಿಲ್ಲ. ‘ಅದು ಪಾಲೆ ಅಲ್ಲ ಸಿಸ್ಟರ್, ಕಾಸರಕ’ ಎಂದರು ಆಯಾ. ಮರುಕ್ಷಣವೇ ಆ ಹೆಂಗಸಿನ ಕಡೆಗೆ ತಿರುಗಿ, ಮನೆಯಲ್ಲಿ ಉಳಿದ ಕಷಾಯವನ್ನು ಚೆಲ್ಲಲು ಈಗಲೇ ಜನ ಕಳಿಸಿ ಎಂದರು. ಮಕ್ಕಳು ಇನ್ನೂ ಎದ್ದಿರಲಿಲ್ಲವಂತೆ, ದೇವರು ದೊಡ್ಡವನು.

ಕಾಸರಕ ಎಂದ ಕೂಡಲೇ ಡಾಕ್ಟರಿಗೆ ಎಲ್ಲ ಹೊಳೆಯಿತು. ಕಾಸರಕದ ಮರದಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ. ರೋಗಿಯನ್ನು ಕತ್ತಲೆ ಕೋಣೆಗೆ ಸಾಗಿಸಿದೆವು, ಸದ್ದಾಗದಂತೆ ನೋಡಿಕೊಂಡೆವು, ಸೆಟೆತ ಇಳಿಸುವ ಡಯಾಜೆಪಾಮ್ ಕೊಟ್ಟೆವು. ನಾಲ್ಕನೆಯ ದಿನ ಅವರು ನಡೆದುಕೊಂಡೇ ಮನೆಗೆ ಹೋದರು.

ತಿಂಗಳ ಕೊನೆಗೆ ಆ ಪ್ರಕರಣದ ಬಗ್ಗೆ ಸೆಮಿನಾರ್ ಆಯಿತು. ವಿಷದ ರಸಾಯನಶಾಸ್ತ್ರ ಬಂತು, ಔಷಧದ ಪ್ರಮಾಣ ಬಂತು, ರೋಗ ಗುರುತಿಸಿದವರ ಹೆಸರು ಬಂತು. ಆ ಮೂರು ಪ್ರಶ್ನೆಗಳು ಬರಲಿಲ್ಲ. ಕೇಳಿದವರ ಹೆಸರೂ ಬರಲಿಲ್ಲ. ಅವರು ಆಗ ಸಭಾಂಗಣದ ಹೊರಗೆ ವರಾಂಡ ಒರೆಸುತ್ತಿದ್ದರು. ಒಳಗೆ ಕುರ್ಚಿಗಳು ಖಾಲಿ ಇದ್ದವು. ನಾನೂ ಒಳಗೇ ಕುಳಿತಿದ್ದೆ, ಎದ್ದು ಕರೆಯಲಿಲ್ಲ. ಅದು ನನ್ನ ತಪ್ಪು, ಇವತ್ತಿಗೂ ಅದರ ನೋವಿದೆ.

ಆಮೇಲೆ ಒಂದು ದಿನ ಅವರನ್ನು ಕೇಳಿದೆ, ನಿಮಗೆ ಹೇಗೆ ಗೊತ್ತಾಯಿತು ಎಂದು. ಅವರು ಹೇಳಿದ್ದನ್ನು ಕೇಳಿಸಿಕೊಳ್ಳಿ. ಅವರ ತಂದೆ ಅಮಾವಾಸ್ಯೆಯ ಹಿಂದಿನ ದಿನ ಹಗಲು ಹೊತ್ತಿನಲ್ಲೇ ಹೋಗಿ ಮರಕ್ಕೆ ಗುರುತು ಕಟ್ಟಿ ಬರುತ್ತಿದ್ದರು. ಪಾಲೆ ಎಂದರೆ ನಮ್ಮ ಕನ್ನಡದ ಹಾಲೆ ಮರ, ಸಪ್ತಪರ್ಣಿ. ಒಂದೇ ಗಿಣ್ಣಿನ ಸುತ್ತ ಕೊಡೆ ಬಿಡಿಸಿದ ಹಾಗೆ ಏಳರ ಆಸುಪಾಸು ಎಲೆ. ಕಾಸರಕದ ಎಲೆ ಜೋಡಿ ಜೋಡಿ, ಬುಡದಿಂದಲೇ ಮೂರು ಗೆರೆ ಎದ್ದು ಕಾಣುತ್ತದೆ. ಇನ್ನು ಕಬ್ಬಿಣ ತಾಗಿಸಬಾರದು, ಕಲ್ಲಿನಿಂದಲೇ ಜಜ್ಜಬೇಕು ಎಂಬ ಕಟ್ಟಳೆ ಇದೆಯಲ್ಲ, ಅದನ್ನು ನಾವು ಮೂಢನಂಬಿಕೆಯ ಪಟ್ಟಿಗೆ ಸೇರಿಸಿದ್ದೆವು. ಅವರ ತಂದೆ ಹೇಳುತ್ತಿದ್ದರಂತೆ: ‘ಕತ್ತಿಯಲ್ಲಿ ಒಂದೇ ಏಟಿಗೆ ಚಕ್ಕೆ ಏಳುತ್ತದೆ, ನೋಡಲು ಪುರುಸೊತ್ತು ಇರುವುದಿಲ್ಲ. ಕಲ್ಲಿನಲ್ಲಿ ಜಜ್ಜಿದರೆ ಹಾಲು ಕೈಗೆ ಅಂಟುತ್ತದೆ. ಕತ್ತಲಲ್ಲೂ ಕೈಗೆ ಗೊತ್ತಾಗುತ್ತದೆ.’

ಇದು ಪಾಠ ತಾನೇ? ಗುರುತು ಇದೆ, ಪರೀಕ್ಷೆ ಇದೆ, ತಪ್ಪಾಗದಂತೆ ಎಚ್ಚರ ಇದೆ. ಪಾಲೆಯ ಕಷಾಯ ಮಲೇರಿಯಾವನ್ನು ಗುಣಪಡಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಮಲೇರಿಯಾ ಏನೆಂದು ಮಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ್ ಕೊಟ್ಟ ಮಾತ್ರೆಯನ್ನು ಪೂರ್ತಿ ನುಂಗಿ. ನಾನು ಹೇಳುತ್ತಿರುವುದು ಬೇರೆ. ತೊಗಟೆಯೊಂದನ್ನೇ ತೆಗೆದುಕೊಂಡು ತೊಗಟೆ ತಂದವರನ್ನು ಹೊರಗೆ ನಿಲ್ಲಿಸಿದರೆ, ಕೈಗೆ ಸಿಗುವುದು ಕಾಸರಕ. ಮುಂಬೈಯಿಂದ ಬಂದ ಆ ಮೈದುನನಿಗೆ ಕಷಾಯ ಕುಡಿಯಬೇಕು ಎಂಬುದು ಗೊತ್ತಿತ್ತು. ಗೊತ್ತಿದ್ದದ್ದು ಅಷ್ಟೇ.

ಮಲೇರಿಯಾದ ಮಾತು ಬಂತು, ಒಂದು ವಿಷಯ ಸೇರಿಸುತ್ತೇನೆ. ಚೀನಾದ ವಿಜ್ಞಾನಿ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂದದ್ದು ಮಲೇರಿಯಾದ ಮದ್ದು ಆರ್ಟೆಮಿಸಿನಿನ್‌ಗಾಗಿ. ಗಿಡ ಮೊದಲೇ ಗೊತ್ತಿತ್ತು, ಆದರೆ ಕುದಿಸಿದಾಗ ಫಲ ಸಿಗುತ್ತಿರಲಿಲ್ಲ. ನೀರಿನಲ್ಲಿ ನೆನೆಸಿ ಹಿಂಡಿ ರಸ ತೆಗೆಯಬೇಕು ಎಂಬ ಹಳೆಯ ಬರಹದ ಒಂದು ಸಾಲು ಅವರಿಗೆ ದಾರಿ ತೋರಿಸಿತು. ಗಿಡಕ್ಕಿಂತ ಆ ಒಂದು ಸಾಲಿನ ಬೆಲೆ ದೊಡ್ಡದು. ನಮ್ಮಲ್ಲಿ ಅಂಥ ಸಾಲುಗಳನ್ನು ಬರೆದಿಟ್ಟವರು ಕಡಿಮೆ. ಅವು ಜನರ ಬಾಯಲ್ಲಿವೆ, ಕೈಯಲ್ಲಿವೆ.

ಕೆಳಗಿನ ಮೇಜಿನ ಮೇಲಿರುವ ಕಣಿಲೆಯನ್ನೇ ತೆಗೆದುಕೊಳ್ಳಿ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ವಸ್ತು ಇರುತ್ತದೆ. ನಿಮ್ಮ ಅಜ್ಜಿ ಅದನ್ನು ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು ದಿನವೂ ನೀರು ಬದಲಿಸಿದ್ದು ಯಾಕೆ? ಪತ್ರೊಡೆಗೆ ಅಷ್ಟು ಹುಳಿ ಹಾಕಿದ್ದು ಯಾಕೆ? ಕೆಸುವಿನೆಲೆಯ ಆಕ್ಸಲೇಟ್ ಹರಳು ಗಂಟಲು ತುರಿಸದಿರಲಿ ಎಂದು. ಪೌಷ್ಟಿಕಾಂಶದ ಪಾಠ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕೇ? ಆದರೆ ಆ ಪಾಠ ಮಾಡಲು ಅಜ್ಜಿಯನ್ನೇ ಕರೆಯಿರಿ. ಕುರ್ಚಿ ಹಾಕಿ, ಗೌರವಧನ ಕೊಡಿ, ಹಾಜರಿ ಪುಸ್ತಕದಲ್ಲಿ ಅತಿಥಿ ಉಪನ್ಯಾಸಕಿ ಎಂದು ಬರೆಯಿರಿ.

ಹೊರದೇಶಗಳಲ್ಲಿ ಈ ಕೆಲಸ ಸುಮ್ಮನೆ ಆಗಲಿಲ್ಲ. ನ್ಯೂಜಿಲೆಂಡಿನಲ್ಲಿ 1988ರಲ್ಲಿ ಅಲ್ಲಿನ ಮೂಲನಿವಾಸಿ ಮಾವೋರಿ ಸಮುದಾಯದ, ಮೊದಲ ವರ್ಷದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: ಕಾನೂನಿನ ಸುರಕ್ಷತೆ, ಚಿಕಿತ್ಸೆಯ ಸುರಕ್ಷತೆ ಎಂದೆಲ್ಲ ಹೇಳುತ್ತೀರಿ, ನಮ್ಮ ಸಂಸ್ಕೃತಿಯ ಸುರಕ್ಷತೆ ಎಲ್ಲಿದೆ? ಮಾವೋರಿ ನರ್ಸ್ ಇರಿಹಾಪೆಟಿ ರಾಮ್ಸ್‌ಡೆನ್ ಆ ಪ್ರಶ್ನೆಯನ್ನು ಹಿಡಿದು ಬೆಳೆಸಿದರು. 1992ರಲ್ಲಿ ಅಲ್ಲಿನ ನರ್ಸಿಂಗ್ ಕೌನ್ಸಿಲ್ ಅದನ್ನು ಪಠ್ಯಕ್ಕೆ ತಂದಿತು. ಆರೈಕೆ ಸುರಕ್ಷಿತವಾಗಿತ್ತೇ ಎಂದು ಹೇಳಬೇಕಾದವರು ರೋಗಿಗಳು, ನರ್ಸ್ ಹೇಳಿದರೆ ಸಾಲದು ಎಂಬುದು ಅದರ ತಿರುಳು. ಕೆನಡಾದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಕಿತ್ತು ವಸತಿಶಾಲೆಗೆ ಹಾಕಿದ ಅನ್ಯಾಯದ ಬಗ್ಗೆ ವಿಚಾರಣೆ ನಡೆಸಿದ ಆಯೋಗ 2015ರಲ್ಲಿ 94 ಕರೆಗಳನ್ನು ಕೊಟ್ಟಿತು. 24ನೆಯದು ವೈದ್ಯಕೀಯ ಮತ್ತು ನರ್ಸಿಂಗ್ ಶಾಲೆಗಳಿಗೇ ಹೇಳಿದ್ದು: ಮೂಲನಿವಾಸಿಗಳ ಆರೋಗ್ಯದ ಪಾಠ ಪ್ರತಿಯೊಬ್ಬ ವಿದ್ಯಾರ್ಥಿಗೂ ಕಡ್ಡಾಯವಾಗಲಿ. ಅಲ್ಲಿನ ಮಿಗ್‌ಮಾ ಎಂಬ ಮೂಲನಿವಾಸಿ ಸಮುದಾಯದ ಹಿರಿಯ ಆಲ್ಬರ್ಟ್ ಮಾರ್ಷಲ್ ಇದನ್ನು ‘ಎರಡು ಕಣ್ಣಿನ ನೋಟ’ ಎನ್ನುತ್ತಾರೆ. ಒಂದು ಕಣ್ಣಲ್ಲಿ ನಮ್ಮವರ ತಿಳಿವಳಿಕೆ, ಇನ್ನೊಂದರಲ್ಲಿ ವಿಜ್ಞಾನ, ನೋಡುವುದು ಎರಡನ್ನೂ ತೆರೆದು. ನಮ್ಮ 2020ರ ಶಿಕ್ಷಣ ನೀತಿಯಲ್ಲೂ ಬುಡಕಟ್ಟು ಜ್ಞಾನ ಎಂಬ ಮಾತು ಇದೆ. ಮಾತು ಕಾಗದದ ಮೇಲಿದೆ, ಕುರ್ಚಿ ಇನ್ನೂ ಬಂದಿಲ್ಲ.

ಭಾಷೆಯ ವಿಷಯವನ್ನು ಹೇಳದೆ ಇರಲಾರೆ. ಘಟ್ಟದ ಮೇಲಿನಿಂದ ಬಂದ ನನ್ನ ವಿದ್ಯಾರ್ಥಿನಿಯೊಬ್ಬಳು ಹೊರರೋಗಿ ವಿಭಾಗದಲ್ಲಿ ಕುಳಿತಿದ್ದಳು. ಅತ್ತೆಯೊಬ್ಬರು ಸೊಸೆಯನ್ನು ತೋರಿಸಿ ‘ಬಂಜಿನಾಳ್’ ಎಂದರು. ತುಳುವಿನಲ್ಲಿ ಬಂಜಿ ಎಂದರೆ ಹೊಟ್ಟೆ, ಬಂಜಿನಾಳ್ ಎಂದರೆ ಬಸುರಿ. ಇವಳಿಗೆ ಕೇಳಿಸಿದ್ದು ಕನ್ನಡದ ಬಂಜೆ. ಎಂಟು ತಿಂಗಳು ತುಂಬಿದ ಹೊಟ್ಟೆಯನ್ನು ಎದುರಿಗೆ ಇಟ್ಟುಕೊಂಡು ‘ಮಕ್ಕಳಾಗಿಲ್ಲ’ ಎಂದು ಚೀಟಿಯಲ್ಲಿ ಬರೆದಳು! ಅತ್ತೆ, ಸೊಸೆ, ನಾವು, ಎಲ್ಲರೂ ನಕ್ಕೆವು. ಆದರೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟಗಳ ತುಳು ನಿಘಂಟನ್ನೇ ಕಟ್ಟಿಕೊಟ್ಟಿರುವಾಗ, ನೋವಿಗೆ, ಉರಿಗೆ, ಬಸಿರಿಗೆ ಸಂಬಂಧಿಸಿದ ಇಪ್ಪತ್ತು ತುಳು ಮಾತುಗಳನ್ನು ಮೊದಲ ವಾರದಲ್ಲೇ ಕಲಿಸಲು ನಮಗೆ ಏನು ಕಷ್ಟ?

ಈಗ ಒಂದು ಕಹಿ ಮಾತು. ಊರಿನದ್ದೆಲ್ಲ ಒಳ್ಳೆಯದು ಎಂದು ನಾನು ಒಪ್ಪುವುದಿಲ್ಲ. ಕೂದಲು, ಉಗುರು ಬೆರೆಸಿದ ಅನ್ನವನ್ನು ಇಲ್ಲಿನ ಮೂಲನಿವಾಸಿ ಕೊರಗರಿಗೆ ತಿನ್ನಿಸಿದರೆ ನಮ್ಮ ಕಾಯಿಲೆ, ಕೇಡು ಅವರಿಗೆ ಹೋಗುತ್ತದೆ ಎಂದು ನಂಬಿದ ಜಿಲ್ಲೆ ಇದು. ಅಜಲು ಎಂಬ ಆ ಪದ್ಧತಿಯನ್ನು ನಿಷೇಧಿಸಲು 2000ದ ಕಾಯ್ದೆಯೇ ಬೇಕಾಯಿತು. ಅದೂ ‘ಆರೋಗ್ಯ’ದ ಹೆಸರಿನಲ್ಲೇ ನಡೆಯಿತು. ಪಾಲೆಯ ಪಾಠ ಇರುವ ಪುಸ್ತಕದಲ್ಲಿ ಅಜಲಿನ ಪಾಠವೂ ಇರಬೇಕು. ನಮ್ಮ ರೋಗವನ್ನು ಹೊರಲು ಯಾರನ್ನು ಕರೆದೆವೋ, ಅವರನ್ನು ಪಾಠ ಹೇಳಲು ಕರೆಯದೆ ಇದ್ದರೆ ಈ ಲೆಕ್ಕ ಚುಕ್ತವಾಗುವುದಿಲ್ಲ.

ಚೀಟಿ ಬಂತು, ಹದಿನೈದು ನಿಮಿಷ ಉಳಿದಿದೆಯಂತೆ. ಬಿ.ಎಡ್.ನವರಿಗೆ ಹೇಳಬೇಕೆಂದು ತಂದದ್ದರಲ್ಲಿ ಮುಕ್ಕಾಲು ಪಾಲು ಈ ಕಾಗದದಲ್ಲೇ ಉಳಿಯಿತು. ಒಂದು ಮಾತು ಮಾತ್ರ: ಬೋಧನಾಭ್ಯಾಸಕ್ಕೆ ಹೋದ ಶಾಲೆಯಲ್ಲಿ ಬುಟ್ಟಿ ಹೆಣೆಯುವ ಮನೆಯ ಮಗು ಗಣಿತದಲ್ಲಿ ಹಿಂದೆ ಎಂದು ಬರೆಯುವ ಮೊದಲು, ಅದರ ಮನೆಗೆ ಹೋಗಿ ಒಂದು ಬುಟ್ಟಿಯ ಬುಡ ಹೇಗೆ ಶುರುವಾಗುತ್ತದೆ ಎಂದು ನೋಡಿ ಬನ್ನಿ. ಎಷ್ಟು ಎಳೆ, ಯಾವುದು ಮೇಲೆ, ಯಾವುದು ಕೆಳಗೆ ಎಂದು ಆ ಮಗುವಿನಿಂದಲೇ ಕೇಳಿ ತಿಳಿಯಿರಿ. ಪರೀಕ್ಷೆ, ಅಂಕ, ಪಠ್ಯ ಸಮಿತಿ, ಇವುಗಳ ಬಗ್ಗೆ ಪ್ರಾಂಶುಪಾಲರ ಜೊತೆ ಆಮೇಲೆ ಮಾತನಾಡುತ್ತೇನೆ.

ಉಳಿದ ಹೊತ್ತು ನನ್ನದಲ್ಲ. ಮೊದಲ ಸಾಲಿನಲ್ಲಿ ಹಸಿರು ಸೀರೆ ಉಟ್ಟು ಕುಳಿತಿರುವ ಅಕ್ಕ, ಆ ಮೂರು ಪ್ರಶ್ನೆ ಕೇಳಿದವರು ಇವರೇ. ಮಳೆಯಲ್ಲೇ ಎರಡು ಬಸ್ ಬದಲಿಸಿ ಬಂದಿದ್ದಾರೆ. ಅವರ ಚೀಲದಲ್ಲಿ ಎರಡು ಟೊಂಗೆ, ಎರಡು ತೊಗಟೆ ಇವೆ. ಯಾರೂ ನಾಲಿಗೆಗೆ ತಾಗಿಸಬೇಡಿ, ಮುಟ್ಟಿದವರು ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ವಿದ್ಯಾರ್ಥಿಗಳೇ, ಆ ಕುರ್ಚಿಯನ್ನು ವೇದಿಕೆಯ ನಡುವೆ ಹಾಕಿ, ಮೈಕನ್ನು ಸ್ವಲ್ಪ ತಗ್ಗಿಸಿ. ಬನ್ನಿ ಅಕ್ಕ. ತುಳುವಿನಲ್ಲೇ ಹೇಳಿ, ಅರ್ಥವಾಗದವರಿಗೆ ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತೇನೆ. ಮೊದಲು ಅವರು ತಮ್ಮ ಹೆಸರು ಹೇಳುತ್ತಾರೆ. ಎಲ್ಲರೂ ಪುಸ್ತಕ ತೆರೆದು ಬರೆದುಕೊಳ್ಳಿ.